ನಾಡಿ ಹಿಡಿಯುವವರು ನೀರನ್ನೂ ಕೇಳಲಿ, ಕೆಲಸವನ್ನೂ ಕೇಳಲಿ

ನನ್ನ ತಮ್ಮನಿಗೆ ನಲವತ್ತನೆಯ ವರ್ಷಕ್ಕೇ ಬಿ.ಪಿ. ಬಂತು. ನಲವತ್ತೇಳಕ್ಕೆ ಎಡಗೈ ಎಡಗಾಲಿಗೆ ಲಕ್ವಾ ಹೊಡೆಯಿತು. 2023ರ ದೀಪಾವಳಿ ಮುಗಿದ ಮೂರನೆಯ ದಿನ ನಸುಕಿನಲ್ಲಿ ‘ಅಣ್ಣಾ, ಎದಿ ಹಿಡಕೊಂಡದ’ ಅಂದವನು ರಾಯಚೂರಿನ ದಾರಿಯಲ್ಲಿ, ಕೃಷ್ಣೆಯ ಸೇತುವೆ ದಾಟುವ ಮೊದಲೇ ಹೋಗಿಬಿಟ್ಟ. ಐವತ್ತು ತುಂಬಿತ್ತು, ಅಷ್ಟೆ.

ಹತ್ತು ವರ್ಷ ಅವನನ್ನು ಕಟ್ಟಿಕೊಂಡು ದವಾಖಾನೆ ತಿರುಗಿದವನು ನಾನು. ಹೊಳೆಯ ಈ ಕಡೆಯ ಡಾಕ್ಟರೂ ಆ ಕಡೆಯ ಡಾಕ್ಟರೂ ಒಂದೇ ಪಾಠ ಒಪ್ಪಿಸಿದವರಂತೆ ಕೇಳುತ್ತಿದ್ದರು: ‘ಬೀಡಿ ಸೇದ್ತೀರೇನು? ಕುಡಿತೀರೇನು? ಉಪ್ಪಿನಕಾಯಿ ಜಾಸ್ತಿ ತಿಂತೀರೇನು? ಮನ್ಯಾಗ ಯಾರಿಗರ ಇತ್ತೇನು?’ ಬೀಡಿ ಸೇದುತ್ತಿದ್ದ, ಒಪ್ಪಿಕೊಂಡ, ಬಿಟ್ಟ. ಉಪ್ಪು ಕಡಿಮೆ ಮಾಡಿದ. ಗುಳಿಗೆ ತಪ್ಪಿಸಲಿಲ್ಲ. ಆದರೆ ಆ ಹತ್ತು ವರ್ಷದಲ್ಲಿ ಒಬ್ಬರೂ ಕೇಳದೆ ಹೋದ ಪ್ರಶ್ನೆಗಳು ಎರಡು: ‘ನೀವು ಏನು ಕೆಲಸ ಮಾಡ್ತೀರಿ? ಯಾವ ನೀರು ಕುಡಿತೀರಿ?’

ಅವನದು ಬ್ಯಾಟರಿ ಅಂಗಡಿ. ಟ್ರ್ಯಾಕ್ಟರು, ಲಾರಿ, ಜೀಪುಗಳ ಹಳೆಯ ಬ್ಯಾಟರಿ ಒಡೆಯುವುದು, ಪ್ಲೇಟು ತೆಗೆಯುವುದು, ಹಿತ್ತಲಲ್ಲಿ ಇದ್ದಿಲು ಹೊತ್ತಿಸಿ ಕಬ್ಬಿಣದ ಬಾಣಲೆಯಲ್ಲಿ ಸೀಸ ಕರಗಿಸಿ ಅಚ್ಚಿಗೆ ಸುರಿಯುವುದು. ಇಪ್ಪತ್ತೈದು ವರ್ಷ ಇದೇ ಕೆಲಸ. ಮಧ್ಯಾಹ್ನ ಹೊಟ್ಟೆ ಹಸಿದಾಗ ಅದೇ ಕೈಯನ್ನು ಬನೀನಿಗೆ ಒರೆಸಿಕೊಂಡು ಜೋಳದ ರೊಟ್ಟಿ ಮುರಿಯುತ್ತಿದ್ದ. ಅವನ ಸಾವಿಗೆ ಸೀಸವೇ ಕಾರಣ ಎಂದು ನಾನು ಹೇಳಲಾರೆ. ಹೇಳಬೇಕೆಂದರೆ ಯಾರಾದರೂ ಒಂದು ಸಲವಾದರೂ ಅವನ ರಕ್ತದಲ್ಲಿ ಸೀಸವೆಷ್ಟಿದೆ ಎಂದು ಅಳೆಯಬೇಕಿತ್ತು. ಅಳೆಯಲಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ನಾನು ಡಾಕ್ಟರಲ್ಲ. ಅಂದಿನ ದಿನಗಳಲ್ಲಿ ಹೊಳೆ ದಾಟಿ ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿದ ಒಕ್ಕಲಿಗ. ಭತ್ತ, ಹತ್ತಿ, ತೊಗರಿ ಬೆಳೆಯುವವನು. ಸಂಜೆ ಬಿಡುವಾದರೆ ಕನ್ನಡದಲ್ಲೊಂದು ತೆಲುಗಿನಲ್ಲೊಂದು ಪದ್ಯ ಬರೆಯುವ ಚಟ. ನಮ್ಮೂರು ಭೀಮೆ ಬಂದು ಕೃಷ್ಣೆಯನ್ನು ಕೂಡುವ ಸೀಮೆಯದು. 1956ರಲ್ಲಿ ಎಳೆದ ಗೆರೆ ನಮ್ಮನ್ನು ಆಂಧ್ರಪ್ರದೇಶಕ್ಕೆ ಹಾಕಿತು. 2014ರಿಂದ ತೆಲಂಗಾಣ, 2019ರಿಂದ ನಾರಾಯಣಪೇಟೆ ಜಿಲ್ಲೆ. ಮನೆಮಾತು ಮಾತ್ರ ಬದಲಾಗಲಿಲ್ಲ. ತಮ್ಮ ಹೋದ ಮೇಲೆ ನರ್ಸಿಂಗ್ ಓದಿದ ನನ್ನ ಮಗಳು ಒಂದೊಂದೇ ವರದಿಯನ್ನು ತೆರೆದು ಓದಿ ನನಗೆ ಬಿಡಿಸಿ ಹೇಳಿದಳು. ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದನ್ನು, ಅರ್ಥವಾದಷ್ಟನ್ನು, ಓದುಗರ ಮುಂದೆ ಇಡುತ್ತೇನೆ.

ತೆಲುಗು ಪದ್ಯ ಬಲ್ಲವರಿಗೆ ಗೊತ್ತು, ‘ಸೀಸ’ ಎಂಬುದು ಒಂದು ಛಂದಸ್ಸಿನ ಹೆಸರು. ಹಾಡಲಿಕ್ಕೆ ಬಹಳ ಇಂಪು. ಅದೇ ಹೆಸರಿನ ಲೋಹವೂ ಹಾಗೇ, ಮೆತ್ತಗಿನ ಸ್ವಭಾವ. ಬೇಗ ಕರಗುತ್ತದೆ, ಹೇಳಿದ ಹಾಗೆ ಬಾಗುತ್ತದೆ. ಮೈಯೊಳಗೆ ಹೊಕ್ಕ ಮೇಲೆ ಮಾತ್ರ ಅದರಷ್ಟು ಹಟಮಾರಿ ಬೇರೊಂದಿಲ್ಲ. ಮೈಗೆ ಅದು ಸುಣ್ಣದ ಅಂಶದ ವೇಷ ಹಾಕಿಕೊಂಡು ಬರುತ್ತದೆ. ಕ್ಯಾಲ್ಸಿಯಂ ಎಂದು ಮೋಸಹೋಗಿ ಮೈ ಅದನ್ನು ಎಲುಬಿಗೆ ಸೇರಿಸಿಕೊಳ್ಳುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ ನೂರಕ್ಕೆ ತೊಂಬತ್ತು ಪಾಲು ಎಲುಬಿನಲ್ಲೇ ಇರುತ್ತದೆ. ಅಲ್ಲಿ ಹತ್ತಾರು ವರ್ಷ ಕೂತು, ಸಾಲಗಾರನ ಬಡ್ಡಿಯಂತೆ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬರುತ್ತಿರುತ್ತದೆ. ಕೆಲಸ ಬಿಟ್ಟ ಮೇಲೂ ಬರುತ್ತಿರುತ್ತದೆ.

ರಕ್ತನಾಳಕ್ಕೆ ಅದು ಮಾಡುವ ಕೆಡಕನ್ನು ನಮ್ಮ ಭಾಗದ ರೈತರಿಗೆ ಕಾಲುವೆಯ ಮಾತಿನಲ್ಲಿ ಹೇಳಬಹುದು. ನೀರಾವರಿ ಕಾಲುವೆಗೆ ಒಳಗೆ ಲೈನಿಂಗ್ ಇರುತ್ತದೆ. ಲೈನಿಂಗ್ ಗಟ್ಟಿ ಇದ್ದರೆ ನೀರು ಸರಾಗ. ಅದು ಬಿರುಕುಬಿಟ್ಟರೆ ಹೂಳು ಹಿಡಿಯುತ್ತದೆ, ಕಳೆ ಬೇರು ಬಿಡುತ್ತದೆ, ಒಂದು ದಿನ ಕಾಲುವೆ ಒಡೆಯುತ್ತದೆ, ಇಲ್ಲವೇ ಕಟ್ಟಿಕೊಳ್ಳುತ್ತದೆ. ರಕ್ತನಾಳದ ಒಳಗೂ ಅಂಥ ತೆಳುವಾದ ಒಂದು ಪದರವಿದೆ. ಆ ಪದರ ನೈಟ್ರಿಕ್ ಆಕ್ಸೈಡ್ ಎಂಬುದನ್ನು ಮಾಡಿಕೊಂಡು ನಾಳವನ್ನು ಸಡಿಲವಾಗಿಟ್ಟಿರುತ್ತದೆ. ಸೀಸ, ಪಾಷಾಣ, ಕ್ಯಾಡ್ಮಿಯಂ ಮೂರೂ ಈ ಪದರವನ್ನೇ ಕೆಡಿಸುತ್ತವೆ. ನಾಳ ಬಿಗಿಯುತ್ತದೆ, ಬಿ.ಪಿ. ಏರುತ್ತದೆ, ಒಳಗೆ ಕೊಬ್ಬಿನ ಹೂಳು ನಿಲ್ಲುತ್ತದೆ. ಸೀಸ ಮತ್ತು ಕ್ಯಾಡ್ಮಿಯಂ ಮೂತ್ರಪಿಂಡವನ್ನೂ ಹಿಡಿಯುವುದರಿಂದ ಬಿ.ಪಿ. ಏರಲಿಕ್ಕೆ ಅದು ಇನ್ನೊಂದು ದಾರಿ.

ಇದು ಯಾರೋ ಒಬ್ಬರ ಊಹೆಯಲ್ಲ. 37 ಅಧ್ಯಯನಗಳನ್ನು, ಸುಮಾರು ಮೂರೂವರೆ ಲಕ್ಷ ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದ ವರದಿ 2018ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿ.ಎಂ.ಜೆ.ಯಲ್ಲಿ ಬಂತು. ಪಾಷಾಣ, ಸೀಸ, ಕ್ಯಾಡ್ಮಿಯಂ ಹೆಚ್ಚು ಹೊಕ್ಕವರಲ್ಲಿ ಹೃದಯದ ಬೇನೆ ಹೆಚ್ಚು ಎಂದು ಅದು ಹೇಳಿತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಇದೇ ಮೂರು ಲೋಹಗಳನ್ನು ಹೃದ್ರೋಗದ ಕಾರಣಗಳ ಪಟ್ಟಿಯಲ್ಲಿ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿಕೆ ಹೊರಡಿಸಿತು. ಸೀಸವೊಂದರಿಂದಲೇ ಜಗತ್ತಿನಲ್ಲಿ 2021ರಲ್ಲಿ 15 ಲಕ್ಷಕ್ಕೂ ಹೆಚ್ಚು ಸಾವು, ಅದರಲ್ಲಿ ಬಹುಪಾಲು ಹೃದಯ ಮತ್ತು ರಕ್ತನಾಳದ ಬೇನೆಯಿಂದ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲೆಕ್ಕ. ವಿಶ್ವಬ್ಯಾಂಕಿನ ಸಂಶೋಧಕರು 2019ನೇ ವರ್ಷಕ್ಕೆ ಹಾಕಿದ ಅಂದಾಜು 55 ಲಕ್ಷ. ಲೆಕ್ಕ ಹಾಕುವ ರೀತಿ ಬೇರೆ, ಅದಕ್ಕೇ ಅಂಕಿ ಬೇರೆ. ಎರಡರಲ್ಲಿ ಸಣ್ಣದನ್ನೇ ಹಿಡಿದರೂ ಅದು ಸಣ್ಣದಲ್ಲ.

ಮಾತನ್ನು ಇಲ್ಲಿಂದ ನೀರಿನ ಕಡೆಗೆ ತಿರುಗಿಸಬೇಕು. ಬ್ಯಾಟರಿ ಕೆಲಸ ಮಾಡುವವರು ಊರಿಗೊಬ್ಬರಿಬ್ಬರು. ನೀರು ಕುಡಿಯುವವರು ಎಲ್ಲರೂ.

ನಮ್ಮಿಂದ ಕೃಷ್ಣೆಯ ಮೇಲ್ಭಾಗಕ್ಕೆ ಹೋದರೆ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕು. ಅಲ್ಲಿ ಕಿರದಳ್ಳಿ ತಾಂಡಾ ಎಂಬ ಲಂಬಾಣಿ ಜನರ ವಸತಿ. ಹತ್ತಿರದಲ್ಲೇ ಮಂಗಳೂರು ಎಂಬ ಊರು. ಕರಾವಳಿಯ ಮಂಗಳೂರಲ್ಲ, ನಮ್ಮ ಬಯಲುಸೀಮೆಯದು. ಅಲ್ಲಿ ಹಿಂದೊಮ್ಮೆ ಚಿನ್ನದ ಗಣಿ ಇತ್ತು. ಚಿನ್ನ ಇರುವ ಕಲ್ಲಿನಲ್ಲಿ ಅನೇಕ ಕಡೆ ಪಾಷಾಣದ ಅದಿರೂ ಬೆರೆತಿರುತ್ತದೆ. ಇಂಗ್ಲಿಷಿನಲ್ಲಿ ಆರ್ಸೆನಿಕ್ ಅನ್ನುವುದು ಇದನ್ನೇ. ಪೂರ್ತಿ ಲೋಹವಲ್ಲದಿದ್ದರೂ ವಿಷದ ಲೆಕ್ಕದಲ್ಲಿ ಲೋಹಗಳ ಸಾಲಿಗೇ ಸೇರಿಸುತ್ತಾರೆ. ತಾಂಡಾದ ಜನ ಕುಡಿದ ಕೊಳವೆಬಾವಿಯ ನೀರಿನಲ್ಲಿ ಈ ಪಾಷಾಣವಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಪರೀಕ್ಷಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಪಾಷಾಣದ ಗುರುತುಗಳಿದ್ದವು. ಅಂಗೈ, ಅಂಗಾಲು ಗಂಟುಗಂಟಾಗುವುದು, ಮೈಮೇಲೆ ಮಚ್ಚೆ ಬೀಳುವುದು, ಕೆಲವರಿಗೆ ಕ್ಯಾನ್ಸರ್.

ಚರ್ಮದ ಮೇಲಿನದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಸುದ್ದಿಯಾಯಿತು. ಎದೆಯೊಳಗಿನದು ಕಾಣುವುದಿಲ್ಲ. ಹಳ್ಳಿಯಲ್ಲಿ ಯಾರಾದರೂ ‘ಎದೆನೋವು ಬಂದು ಹೋದ’ ಅಂದರೆ ಅಲ್ಲಿಗೆ ಮುಗಿಯಿತು. ಆಯುಷ್ಯ ತೀರಿತ್ತು, ದೇವರಿಚ್ಛೆ ಅನ್ನುತ್ತೇವೆ. ಯಾರೂ ಹೋಗಿ ಅವನ ಬೋರಿನ ನೀರು ಅಳೆಯುವುದಿಲ್ಲ.

ಬೇರೆ ದೇಶಗಳಲ್ಲಿ ಅಳೆದಿದ್ದಾರೆ. ತೈವಾನಿನ ನೈಋತ್ಯ ಕರಾವಳಿಯ ಹಳ್ಳಿಗಳಲ್ಲಿ ಮೇಲಿನ ಬಾವಿಗಳ ನೀರು ಉಪ್ಪಾಗಿದ್ದರಿಂದ ಜನ ಆಳವಾದ ಬಾವಿ ಕೊರೆಸಿಕೊಂಡರು. ಕೆಲ ವರ್ಷಗಳಲ್ಲಿ ಅವರ ಕಾಲಿನ ಬೆರಳುಗಳು ಕಪ್ಪಾಗತೊಡಗಿದವು. ಪಾದದ ರಕ್ತನಾಳ ಕಟ್ಟಿಕೊಂಡು ಕೊಳೆತು, ಕೆಲವರ ಕಾಲನ್ನೇ ಕತ್ತರಿಸಬೇಕಾಯಿತು. ಅದಕ್ಕೆ ‘ಕರಿಪಾದ ರೋಗ’ ಎಂಬರ್ಥದ ಹೆಸರೇ ಬಂತು. ಆಳದ ನೀರಿನಲ್ಲಿದ್ದದ್ದು ಪಾಷಾಣ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಆಂತೊಫಾಗಸ್ತಾ ಎಂಬ ನಗರ ಮರುಭೂಮಿಯ ಅಂಚಿನಲ್ಲಿದೆ. 1958ರಲ್ಲಿ ಊರಿಗೆ ಒಳ್ಳೆಯದಾಗಲೆಂದು ಬೆಟ್ಟದ ನದಿಯ ನೀರನ್ನು ತಂದರು. ಅದರಲ್ಲಿ ಪಾಷಾಣ ವಿಪರೀತವಿತ್ತು. 1970ರಲ್ಲಿ ಶುದ್ಧೀಕರಣ ಘಟಕ ಬರುವ ತನಕ ಜನ ಅದನ್ನೇ ಕುಡಿದರು. ನಂತರ ಸಾವಿನ ಲೆಕ್ಕ ತೆಗೆದು ನೋಡಿದಾಗ ಕಂಡದ್ದು ಇದು: ಮೊದಲು ಏರಿದ್ದು ಹೃದಯಾಘಾತದ ಸಾವು. ಕ್ಯಾನ್ಸರಿನ ಸಾವು ಏರಿದ್ದು ಆಮೇಲೆ, ವರ್ಷಗಳ ನಂತರ. ನೀರು ಶುದ್ಧವಾದ ಮೇಲೆ ಮೊದಲು ಇಳಿದದ್ದೂ ಹೃದಯಾಘಾತವೇ. ಈ ಮಾತನ್ನು ನಮ್ಮ ಅಧಿಕಾರಿಗಳು ಎರಡು ಸಲ ಓದಬೇಕು. ಮಚ್ಚೆ ಕಾಣಲಿ, ಕ್ಯಾನ್ಸರ್ ಬರಲಿ ಎಂದು ಕಾಯುತ್ತ ಕೂತರೆ ಅಷ್ಟರಲ್ಲಿ ಎದೆಯ ಮೇಲಿನ ಏಟು ಬಿದ್ದಾಗಿರುತ್ತದೆ.

ಕುಡಿಯುವ ನೀರಿನಲ್ಲಿ ಪಾಷಾಣ ಎಷ್ಟಿರಬಹುದು? ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, ನಮ್ಮ ಭಾರತೀಯ ಮಾನಕವೂ ಅದನ್ನೇ ಹೇಳುತ್ತದೆ. ಸುಲಭವಾಗಿ ಹೇಳಬೇಕೆಂದರೆ ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್ ನೀರಿಗೆ ಒಂದು ಗ್ರಾಂ. ಇದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ‘ಕಾಯಿಸಿ ಆರಿಸಿ ಕುಡಿಯಿರಿ’ ಎಂಬ ಬುದ್ಧಿಮಾತು ಕ್ರಿಮಿಗೆ ಸರಿ, ಪಾಷಾಣಕ್ಕೆ ಸಲ್ಲದು. ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಪಾಷಾಣ ತಳದಲ್ಲೇ ಉಳಿದು ಇನ್ನಷ್ಟು ದಟ್ಟವಾಗುತ್ತದೆ.

ಹಾಗಂತ ಗಡಿಯ ಪ್ರತಿ ಬೋರಿನಲ್ಲೂ ವಿಷವಿದೆ ಎಂದು ನಾನು ಡಂಗುರ ಸಾರುತ್ತಿಲ್ಲ. ನಾನು ಹೇಳುವುದು ಇಷ್ಟೇ: ಭೂಮಿಯೊಳಗಿನ ಕಲ್ಲಿಗೆ 1956 ಗೊತ್ತಿಲ್ಲ. ಹಟ್ಟಿ, ಮಸ್ಕಿ ಕಡೆಯ ಚಿನ್ನದ ಶಿಲಾಪಟ್ಟಿ, ಸುರಪುರದ ಕಡೆಯ ಪಟ್ಟಿ, ಗದ್ವಾಲದ ಕಡೆಯ ಪಟ್ಟಿ, ಇವೆಲ್ಲ ಒಂದೇ ಬಗೆಯ ಹಳೆಯ ಕಲ್ಲು. ಕರ್ನಾಟಕದವರು ತಮ್ಮ ಗೆರೆಯ ತನಕ ಅಳೆದು ನಿಲ್ಲುತ್ತಾರೆ, ತೆಲಂಗಾಣದವರು ತಮ್ಮ ಗೆರೆಯ ತನಕ. ನಡುವಿನ ನಮ್ಮ ಊರುಗಳ ಚೀಟಿ ಎರಡೂ ಕಡತದಲ್ಲಿ ಇರುವುದಿಲ್ಲ. ಮಿಷನ್ ಭಗೀರಥದ ಕೊಳಾಯಿಯಲ್ಲಿ ನದಿ ನೀರು ಬರುತ್ತದೆ, ಒಪ್ಪುತ್ತೇನೆ, ಅದು ದೊಡ್ಡ ಉಪಕಾರ. ಆದರೆ ಹೊಲಕ್ಕೆ ಹೋದವರು ಕುಡಿಯುವುದು ಹೊಲದ ಬೋರಿನದೇ. ಕೊಳಾಯಿ ಕೈಕೊಟ್ಟ ದಿನ ಮನೆಗೆ ತರುವುದೂ ಅದನ್ನೇ.

ಮೂರನೆಯದು ಕ್ಯಾಡ್ಮಿಯಂ. ಇದಕ್ಕೆ ಕನ್ನಡದಲ್ಲೂ ಹೆಸರಿಲ್ಲ, ತೆಲುಗಿನಲ್ಲೂ ಹೆಸರಿಲ್ಲ. ಹೆಸರಿಲ್ಲದ ಶತ್ರು. ತಂಬಾಕಿನ ಗಿಡ ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಅನ್ನು ಬೇರಿನಿಂದ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಬೀಡಿ ಹಚ್ಚಿದಾಗ ಅದು ಹೊಗೆಯೊಂದಿಗೆ ನೇರ ಪುಪ್ಪುಸಕ್ಕೆ ಹೋಗುತ್ತದೆ. ಮೂತ್ರಪಿಂಡದಲ್ಲಿ ಹತ್ತು ಮೂವತ್ತು ವರ್ಷ ಕೂರುತ್ತದೆ. ಡಾಕ್ಟರು ಬೀಡಿ ಬಿಡಿಸಿದ್ದು ಸರಿಯೇ, ಆದರೆ ಬೀಡಿಯಲ್ಲಿ ನಿಕೋಟಿನ್ ಒಂದೇ ಅಲ್ಲ, ಲೋಹವೂ ಇದೆ ಎಂಬುದನ್ನು ಯಾರೂ ಹೇಳಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈ ಬರಹ ಓದಿ ಯಾರೂ ಬಿ.ಪಿ. ಗುಳಿಗೆ ಬಿಡಬಾರದು. ಉಪ್ಪು, ತಂಬಾಕು, ಸಕ್ಕರೆ ಕಾಯಿಲೆ, ಕೂತು ತಿನ್ನುವ ಮೈ, ಇವು ಹೃದಯದ ಹಳೆಯ ವೈರಿಗಳು, ಇವತ್ತಿಗೂ ವೈರಿಗಳೇ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿರಿ ಅನ್ನುತ್ತಿದ್ದೇನೆ, ಅಷ್ಟೇ. ಇನ್ನೊಂದು: ‘ಮೈಯೊಳಗಿನ ವಿಷ ತೆಗೆಯುತ್ತೇವೆ’ ಎಂದು ಪುಡಿ, ಕಷಾಯ ಮಾರುವವರು ಸಂತೆಯಲ್ಲಿ ಬರುತ್ತಾರೆ. ಅವರಿಗೆ ದುಡ್ಡು ಸುರಿಯಬೇಡಿ. ಅಮೆರಿಕ, ಕೆನಡಾಗಳಲ್ಲಿ ಒಮ್ಮೆ ಹೃದಯಾಘಾತವಾಗಿದ್ದ ಸಕ್ಕರೆ ಕಾಯಿಲೆಯವರಿಗೆ ಸೀಸ ಹೊರಹಾಕುವ ಔಷಧಿಯನ್ನು ವಾರಕ್ಕೊಂದರಂತೆ 40 ಸಲ ನರಕ್ಕೆ ಏರಿಸಿ ನೋಡಿದರು. ರಕ್ತದ ಸೀಸ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಆದರೂ ಹೃದಯದ ತೊಂದರೆ ಕಡಿಮೆಯಾಗಲಿಲ್ಲ ಎಂದು 2024ರ ವರದಿ. ವಿಪರೀತ ವಿಷವೇರಿದವರಿಗೆ ಆ ಔಷಧಿ ಬೇಕೇಬೇಕು, ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಉಳಿದವರಿಗೆ ಒಳಗೆ ಹೋದದ್ದನ್ನು ತೆಗೆಯುವುದಕ್ಕಿಂತ ಒಳಗೆ ಹೋಗದಂತೆ ನೋಡಿಕೊಳ್ಳುವುದೇ ಔಷಧ.

ಹೋಗದಂತೆ ನೋಡಿಕೊಳ್ಳಲು ಆಗುತ್ತದೆಯೇ? ಆಗುತ್ತದೆ, ಆಗಿದೆ. 1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ಏಳು ನಗರಗಳಲ್ಲಿ ರಕ್ತ ಪರೀಕ್ಷಿಸಿ, ಹನ್ನೆರಡರೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮೈಯಲ್ಲಿ ಸೀಸ ಮಿತಿಮೀರಿದೆ ಎಂದು ತೋರಿಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಊರೂರು ತಿರುಗಿ ಈ ಮಾತು ಹೇಳಿದರು. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲು ದೇಶದಲ್ಲೇ ನಿಂತಿತು. ಬಾಂಗ್ಲಾದೇಶದಲ್ಲಿ ಅರಿಸಿನಕ್ಕೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುತ್ತಿದ್ದರು. 2019ರಲ್ಲಿ ಅಂಗಡಿಯ ಅರಿಸಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಅದು ಸಿಕ್ಕಿತು. ಸರ್ಕಾರ ದಂಡ ಹಾಕಿತು, ಪೇಟೆಯಲ್ಲಿ ಭಿತ್ತಿಪತ್ರ ಅಂಟಿಸಿತು. 2021ಕ್ಕೆ ನೋಡಿದಾಗ ಒಂದರಲ್ಲೂ ಇರಲಿಲ್ಲ. ಎರಡೇ ವರ್ಷ. ಅದೇ ದೇಶದಲ್ಲಿ ಪಾಷಾಣವಿದ್ದ ಕೈಪಂಪಿನ ಬಾಯಿಗೆ ಕೆಂಪು ಬಣ್ಣ, ಒಳ್ಳೆಯ ನೀರಿನದಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದವನಿಗೂ ಅದು ತಿಳಿಯುತ್ತದೆ.

ನಮ್ಮ ಕಡೆ ಆಗಬೇಕಾದದ್ದು ನಾಲ್ಕೇ ಕೆಲಸ. ಒಂದು, ಯಾದಗಿರಿ, ರಾಯಚೂರು, ನಾರಾಯಣಪೇಟೆ, ಗದ್ವಾಲ ಜಿಲ್ಲೆಗಳ ಕಲೆಕ್ಟರುಗಳು, ಜಿಲ್ಲಾಧಿಕಾರಿಗಳು ಒಂದು ಕಡೆ ಕೂತು ಗಡಿಯ ಎರಡೂ ಬದಿಯ ಬೋರುಗಳನ್ನು ಒಂದೇ ಕಾಲಕ್ಕೆ ಪಾಷಾಣಕ್ಕಾಗಿ ಪರೀಕ್ಷಿಸಲಿ, ಫಲಿತಾಂಶವನ್ನು ಕನ್ನಡ, ತೆಲುಗು ಎರಡರಲ್ಲೂ ಬೋರಿನ ಪಕ್ಕದ ಗೋಡೆಗೆ ಬರೆಯಿಸಲಿ. ತೆಲುಗಿನ ಕರಪತ್ರ ನಮ್ಮ ಅಜ್ಜಿಗೆ ಓದಲು ಬರುವುದಿಲ್ಲ, ಕನ್ನಡದ್ದು ಕಚೇರಿಗೆ ಅರ್ಥವಾಗುವುದಿಲ್ಲ. ಎರಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಬಿ.ಪಿ. ಚೀಟಿಯಲ್ಲಿ ‘ಕೆಲಸ’, ‘ಕುಡಿಯುವ ನೀರು’ ಎಂಬ ಎರಡು ಸಾಲು ಇರಲಿ. ಇದಕ್ಕೆ ಬಜೆಟ್ಟು ಬೇಡ, ಪೆನ್ನು ಸಾಕು. ಮೂರು, ಬ್ಯಾಟರಿ, ಬಣ್ಣ, ಗುಜರಿ, ಬೆಸುಗೆ ಕೆಲಸದವರ ರಕ್ತದ ಸೀಸ ವರ್ಷಕ್ಕೊಮ್ಮೆ ಪುಕ್ಕಟೆ ಅಳೆಯಲಿ. ನಾಲ್ಕು, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ತೆಗೆದುಕೊಳ್ಳುವ ಹೊಣೆ ತಯಾರಕರದ್ದು. ಅದು ಕಾಗದದಿಂದ ಇಳಿದು ನಮ್ಮ ಕ್ರಾಸಿನ ಅಂಗಡಿಯ ತನಕ ಬರಲಿ.

ಮನೆಯಲ್ಲಿ ನಾವು ಮಾಡಬಹುದಾದದ್ದೂ ಇದೆ. ಅರಿಸಿನ ಕೊಂಬು ತಂದು ಕುಟ್ಟಿಕೊಳ್ಳುವುದು ಒಳ್ಳೆಯದು. ಅತಿಯಾಗಿ ಮಿರುಗುವ ಕೊಂಬು, ಬಿಡಿ ಪುಡಿ ಬೇಡ. ಅನ್ನಕ್ಕೆ ಒಳ್ಳೆಯ ನೀರು ಹೆಚ್ಚಿಗೆ ಇಟ್ಟು ಗಂಜಿ ಬಸಿದರೆ ಅಕ್ಕಿಯ ಪಾಷಾಣ ಸುಮಾರು ಅರ್ಧ ಹೋಗುತ್ತದೆ. ಕುಕ್ಕರು ಬರುವ ಮೊದಲು ನಮ್ಮ ಅವ್ವ ಮಾಡುತ್ತಿದ್ದದ್ದೇ ಅದು. ರಾಗಿ, ಸೊಪ್ಪು, ಹಾಲು ಮಕ್ಕಳಿಗೆ ತಪ್ಪಿಸಬಾರದು. ಸುಣ್ಣ, ಕಬ್ಬಿಣದ ಅಂಶ ಮೈಗೆ ಸಾಲದಾದಾಗ ಸೀಸ ಸುಲಭವಾಗಿ ಒಳಹೊಗುತ್ತದೆ.

ತಮ್ಮನ ಅಂಗಡಿಯಲ್ಲಿ ಈಗ ಅವನ ಮಗ ಕೂರುತ್ತಾನೆ. ಇಪ್ಪತ್ನಾಲ್ಕು ವಯಸ್ಸು. ಹೋದ ವರ್ಷ ಅವನನ್ನು ಬಲವಂತ ಮಾಡಿ ರಾಯಚೂರಿಗೆ ಕರೆದೊಯ್ದೆ. ಲ್ಯಾಬಿನವರು ರಕ್ತ ತೆಗೆದು ಹೈದರಾಬಾದಿಗೆ ಕಳಿಸಿದರು. ಹನ್ನೊಂದು ದಿನಕ್ಕೆ ಚೀಟಿ ಬಂತು: ಡೆಸಿಲೀಟರಿಗೆ 31 ಮೈಕ್ರೋಗ್ರಾಂ. ಐದು ದಾಟಿದರೇ ಮೂಲ ಹುಡುಕಿ ತಡೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಸುರಕ್ಷಿತ ಅನ್ನುವ ಮಟ್ಟ ಯಾವುದೂ ಇಲ್ಲ. ಹುಡುಗ ಚೀಟಿಯನ್ನು ಎರಡು ಸಲ ನೋಡಿ ಕೇಳಿದ: ‘ದೊಡ್ಡಪ್ಪಾ, ಅಪ್ಪಂದು ಎಷ್ಟಿತ್ತು?’

ಉತ್ತರ ನನ್ನ ಹತ್ತಿರ ಇರಲಿಲ್ಲ. ಅವತ್ತಿನಿಂದ ಹಿತ್ತಲಿನ ಬಾಣಲೆ ಹೊತ್ತಿಲ್ಲ. ಹಳೆಯ ಬ್ಯಾಟರಿಗಳನ್ನು ಒಡೆಯದೆ ಲೈಸೆನ್ಸ್ ಇದ್ದವರಿಗೆ ತೂಕಕ್ಕೆ ಕೊಡುತ್ತಾನೆ. ದುಡಿಮೆ ಕಡಿಮೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಊಟದ ಮೊದಲು ಸಬಕಾರ ಹಚ್ಚಿ ಕೈ ತೊಳೆಯುತ್ತಾನೆ, ಕೆಲಸದ ಬಟ್ಟೆ ಅಂಗಡಿಯಲ್ಲೇ ಬಿಚ್ಚಿಟ್ಟು ಮನೆಗೆ ಬರುತ್ತಾನೆ. ಮನೆಯಲ್ಲಿ ಎಂಟು ತಿಂಗಳ ಕೂಸಿದೆ.

ಬೋರಿನ ನೀರಿನ ಮಾದರಿಯನ್ನು ಬಾಟಲಿಯಲ್ಲಿ ತುಂಬಿಕೊಂಡು ಎರಡೂ ಕಡೆಯ ಕಚೇರಿಗೆ ಹೋಗಿದ್ದೆ. ‘ನಿಮ್ಮದು ಆ ಕಡೆಯದು’ ಎಂದು ಒಬ್ಬರು, ‘ಪಾಷಾಣದ ಪರೀಕ್ಷೆ ಇಲ್ಲಿಲ್ಲ’ ಎಂದು ಇನ್ನೊಬ್ಬರು. ಆ ಬಾಟಲಿ ನಮ್ಮ ಮನೆಯ ಗೂಡಿನಲ್ಲಿ ಹಾಗೇ ಇದೆ. ಅಳೆಯುವವರು ಯಾರಾದರೂ ಬಂದರೆ, ಅವರ ಭಾಷೆ ಯಾವುದೇ ಇರಲಿ, ಹೊಸ ನೀರು ತುಂಬಿಕೊಡಲು ನಾನು ಸಿದ್ಧ.